ಟಿವಿಲಿ ಯಾರ್ಗೂ ಕಾಲೇ ಇಲ್ಲ ಕಣೋ

ಮಗಾ,

ವಾಟ್ಸಾಪಲ್ಲಿ ಹೇಳಿದ್ರೆ ನೀನು ಒಂದು ಹೆಬ್ಬೆಟ್ಟು ಒತ್ತಿ ಸುಮ್ನಾಗ್ತೀಯ, ಅದಕ್ಕೇ ಎಲ್ರ ಮುಂದೆ ಬರೀತಿದೀನಿ, ಮಂಡ್ಯ ಕಡೆಯವ್ರು ಯಾರಾದ್ರೂ ಓದಿದ್ರೆ ಅವ್ರೂ ಜಗಳಕ್ಕೆ ಬರ್ಲಿ. ಸೀರಿಯಲ್ಲಲ್ಲಿರೋದೂ ನಾಟಕದ ಆಕ್ಟರ್‌ಗಳೇ ತಾನೇ, ನಾಟಕ ಅಂತ ಅಷ್ಟು ದೂರ ಹೋಗಿ ಏನ್ ನೋಡ್ತೀಯ ಅಂದಿದ್ದೆಯಲ್ಲ, ಅವತ್ತಿಂದ ತಲೇಲಿ ಅದೇ ಕೊರೀತಿದೆ.

ಮೊನ್ನೆ ಮೈಸೂರು ರಂಗಾಯಣದ ರಂಗಮಂದಿರ ಭೂಮಿಗೀತದಲ್ಲಿ ಒಂದು ನಾಟಕ. ರಾಜ ಉದ್ದುದ್ದ ಮಾತಾಡ್ತಿದಾನೆ, ನಾನು ಮೂಲೇಲಿ ಮಾತೇ ಇಲ್ದೆ ನಿಂತಿದ್ದ ಕಾವಲುಗಾರನ್ನ ನೋಡ್ತಿದೀನಿ. ಅವನು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಹಾಕ್ದ ನೋಡು, ರಾಜನ ಮಾತು ಸುಳ್ಳು ಅಂತ ಗೊತ್ತಾಗೋಯ್ತು. ಇದು ಟಿವಿಲಿ ಆಗಲ್ಲ ಕಣೋ. ಅಲ್ಲಿ ಅತ್ತೆ ಒಂದು ಮಾತಂದ್ರೆ ಮನೇಲಿರೋರ ಮುಖ ಎಲ್ಲಾ ಒಂದೊಂದಾಗಿ ಬರ್ಬೇಕು, ಹಿಂದೆ ಢಣ್ ಅನ್ಬೇಕು, ಯಾರನ್ನ ಯಾವಾಗ ನೋಡ್ಬೇಕು ಅಂತ ಅವ್ರೇ ಹೇಳ್ತಾರೆ. ಪಾದ ಅಂತೂ ಕಾಣೋದೇ ಇಲ್ಲ. ದಿನಾ ಒಂದು ಎಪಿಸೋಡ್ ತುಂಬಿಸ್ಬೇಕಲ್ಲ, ನಟ ನಡೆಯೋದಕ್ಕೆ ಟೈಮೆಲ್ಲಿ, ನಿಂತ್ಕೊಂಡು ಮುಖ ಕೊಟ್ರೆ ಆಯ್ತು. ಟಿವಿ ಅಂದ್ರೇನೇ ಹಿಂಗೆ ಅಂತಲ್ಲ. ಶಂಕರ್‌ನಾಗ್ ಆಗುಂಬೇಲಿ ಮಾಲ್ಗುಡಿ ಡೇಸ್ ಮಾಡಿದಾಗ ಬೀದಿಗೆ ಬೀದಿನೇ ಇತ್ತು, ಸ್ವಾಮಿ ಓಡಿದ್ರೆ ನಮಗೂ ಏದುಸಿರು ಬರ್ತಿತ್ತು.

ನಾಟಕದವ್ರನ್ನೂ ಬಿಡಲ್ಲ. ಈಗ ಕೆಲವ್ರು ಹಿಂದೆ ಪರದೆ ಕಟ್ಟಿ ವಿಡಿಯೋ ಬಿಡ್ತಾರೆ, ಕೆನ್ನೆಗೆ ಮೈಕ್ ಅಂಟಿಸ್ಕೊಂಡು ಬರ್ತಾರೆ, ಯಾರು ಮಾತಾಡಿದ್ರೂ ದನಿ ಅದೇ ಸ್ಪೀಕರಿಂದ. ಬಿ.ವಿ. ಕಾರಂತರು ಹುಡುಗ್ರಾಗಿದ್ದಾಗ್ಲೇ ಗುಬ್ಬಿ ನಾಟಕ ಕಂಪನಿ ಸೇರಿದ್ದೋರು, ಅವ್ರು 1989ರಲ್ಲಿ ರಂಗಾಯಣ ಶುರು ಮಾಡಿದ ಊರಲ್ಲಿ ಇದನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಇದೇ ರಂಗಾಯಣದಲ್ಲಿ 2010ರಲ್ಲಿ ಬಸವಲಿಂಗಯ್ಯನವ್ರು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರೀನ ರಾತ್ರಿಯಿಡೀ ಆಡಿಸಿದ್ರಲ್ಲ, ಒಂಬತ್ತು ಗಂಟೆಯ ನಾಟಕ, ಒಂದು ರಂಗದಿಂದ ಇನ್ನೊಂದಕ್ಕೆ ನೋಡೋರೇ ಎದ್ದು ನಡ್ಕೊಂಡು ಹೋಗ್ಬೇಕಿತ್ತು. ಬೆಳಗಿನ ಜಾವದ ಹೊತ್ತಿಗೆ ನಮ್ಮ ಕಾಲೂ ನಾಟಕದೊಳಗೇ ಇತ್ತು.

ಇಷ್ಟು ಕಾಲು ಕಾಲು ಅಂತ ಯಾಕೆ ಬಡ್ಕೋತಿದೀನಿ ಅಂದ್ರೆ, ಅಪ್ಪ. ಊರಲ್ಲಿ ಕುರುಕ್ಷೇತ್ರ ಕಲಿಸಿದಾಗ ದುರ್ಯೋಧನನ ಪಾರ್ಟು ಅವ್ರದ್ದೇ, ಪಾರ್ಟಿಗೆ ದುಡ್ಡು ಕಟ್ಬೇಕಲ್ಲ, ಭತ್ತದ ದುಡ್ಡೆಲ್ಲ ಅಲ್ಲಿಗೇ, ಅಮ್ಮ ಒಂದು ವಾರ ಮಾತು ಬಿಟ್ಟಿದ್ರು. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದ್ರೆ ಮೊದ್ಲು ಕಾಲಡಿ ಸ್ಟೇಜಿನ ಹಲಗೆ ದಡದಡ ಅನ್ನೋದು, ಆಮೇಲೆ ಗದೆ, ಆಮೇಲೆ ಅಪ್ಪ. ಸ್ಟ್ರೋಕ್ ಆದ್ಮೇಲೆ ಎಡಗಾಲು ಎಳ್ದೇ ಹಾಕ್ತಾರೆ. ಸಂಜೆ ಆರಾದ್ರೆ ಸೀರಿಯಲ್, ಒಂದಾದ್ಮೇಲೊಂದು, ಎದುರಿಗೆ ಯಾರು ಬಂದ್ರೂ ಸುಮ್ನಿರು ಅಂತಾರೆ. ಭೂಮಿಗೀತದಿಂದ ಬಸ್ಸಲ್ಲಿ ವಾಪಸ್ ಬರ್ತಾ ಹೊಳೀತು, ಆ ಪರದೇಲಿ ಎಲ್ರೂ ನಿಂತಲ್ಲೇ ನಿಂತು, ಕೂತಲ್ಲೇ ಕೂತು ಗೆಲ್ತಾರೆ, ಅಲ್ಲಿ ಅಪ್ಪನಿಗೆ ಏನೂ ಕಮ್ಮಿ ಇಲ್ಲ. ಅವತ್ತಿಂದ ಸೀರಿಯಲ್ ಬೈಯೋಕೆ ಬಾಯೇ ಬರ್ತಿಲ್ಲ ಕಣೋ. ನಾಟಕಕ್ಕೆ ಕರ್ಕೊಂಡ್ ಹೋಗೋಣ ಅಂದ್ರೆ ಭಯ, ಹಲಗೆ ಸದ್ದು ಕೇಳಿ ಅಪ್ಪ ಏನಾಗ್ತಾರೋ ಅಂತ. ನಿಜ ಹೇಳ್ಲಾ, ಪಕ್ಕದಲ್ಲಿ ಕೂತು ನಾನೇನಾಗ್ತೀನೋ ಅಂತ.

ಬಿಡು, ಇಷ್ಟುದ್ದ ಹೋಗೋ ಯೋಚ್ನೆ ಇರ್ಲಿಲ್ಲ. ರಂಗಾಯಣದ ನಾಟಕೋತ್ಸವ ಬಹುರೂಪಿಗೆ ಬಾ. ಟಿಕೆಟ್ ನಂದು, ಚುರುಮುರಿ ನಿಂದು, ಶಕುನಿ ಸೋಡಾ ವಿಷ್ಯ ಇಲ್ಲಿ ಯಾರೂ ಕೇಳ್ಬೇಡಿ. ಅಪ್ಪ ಬರ್ತೀನಿ ಅಂದ್ರೆ ಒಂದು ಕಡೆ ನೀನು ಹಿಡ್ಕೋಬೇಕು, ಭೂಮಿಗೀತದ ಮೆಟ್ಲು ನಿಂಗೂ ಗೊತ್ತಲ್ಲ.