ಯಾರ್ಕ್‌ಟೌನ್ ದಾರಿಯನ್ನೂ ನೋಡಿ ಬನ್ನಿ

ಮಾನ್ಯರೆ,

ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವ ನಮ್ಮ ಕಡೆಯ ಹಿರಿಯರು ನಯಾಗರಾ, ನ್ಯೂಯಾರ್ಕ್ ಮುಗಿಸಿ ವಿಮಾನ ಹತ್ತಿಬಿಡುತ್ತಾರೆ. ವಾಷಿಂಗ್ಟನ್ ಸುತ್ತಮುತ್ತ ಮಕ್ಕಳಿರುವವರು ವರ್ಜೀನಿಯಾದ ಕಲೋನಿಯಲ್ ಪಾರ್ಕ್‌ವೇಗೂ ಒಂದು ದಿನ ಎತ್ತಿಡಲಿ. ಜೇಮ್ಸ್‌ಟೌನ್, ವಿಲಿಯಮ್ಸ್‌ಬರ್ಗ್, ಯಾರ್ಕ್‌ಟೌನ್‌ಗಳನ್ನು ಬೆಸೆಯುವ ಈ ರಸ್ತೆ ಬರೀ 37 ಕಿ.ಮೀ. ಲಾರಿಗಳಿಲ್ಲ, ಜಾಹೀರಾತು ಫಲಕಗಳಿಲ್ಲ. ಜಲ್ಲಿ ಎದ್ದು ಕಾಣುವ ಕಾಂಕ್ರೀಟಿನ ಮೇಲೆ ಚಕ್ರ ಗುರುಗುಟ್ಟುತ್ತದೆ. ಒಂದು ತುದಿಯಲ್ಲಿ ಜೇಮ್ಸ್ ನದಿ, ಇನ್ನೊಂದರಲ್ಲಿ ಯಾರ್ಕ್ ನದಿ, ನಡುವೆ ಕಾಡು.

ಇಂಗ್ಲಿಷರು 1607ರಲ್ಲಿ ಬೀಡುಬಿಟ್ಟಿದ್ದು ಜೇಮ್ಸ್‌ಟೌನಿನಲ್ಲಿ. ಹದಿನೆಂಟನೇ ಶತಮಾನದ ಊರಿನಂತೆ ಸಜ್ಜುಗೊಳಿಸಿರುವ ವಿಲಿಯಮ್ಸ್‌ಬರ್ಗ್ ಚೆಂದವೇನೋ ಹೌದು, ಹೊಳಪು ಮಾತ್ರ ತುಸು ಜಾಸ್ತಿ. ಅಮೆರಿಕದ ಸ್ವಾತಂತ್ರ್ಯ ಸಮರದ ಹೊತ್ತಿಗೆ ಅಲ್ಲಿದ್ದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಕಪ್ಪು ಜನರು, ಬಹುಪಾಲು ಗುಲಾಮರು.

ನಮಗೆ ನಂಟಿರುವುದು ಯಾರ್ಕ್‌ಟೌನಿನ ಜೊತೆ. 1781ರ ಅಕ್ಟೋಬರ್ 19ರಂದು ಬ್ರಿಟಿಷ್ ದಂಡನಾಯಕ ಕಾರ್ನ್‌ವಾಲಿಸ್‌ನ ಸೇನೆ ಅಲ್ಲಿ ಶಸ್ತ್ರ ಕೆಳಗಿಟ್ಟಿತು. ಹುಷಾರಿಲ್ಲವೆಂದು ಹೇಳಿಕಳಿಸಿ ಆಸಾಮಿ ಶರಣಾಗತಿಗೆ ಬರಲೇ ಇಲ್ಲ! 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಟಿಪ್ಪುವಿನ ಅರ್ಧ ರಾಜ್ಯ ಕಸಿದು, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಯ್ದವನೂ ಇವನೇ. ಯಾರ್ಕ್‌ಟೌನಿನ ಮಣ್ಣಿನ ಕೋಟೆದಿಬ್ಬಗಳ ಮೇಲೆ ಈಗ ಹುಲ್ಲು ಬೆಳೆದಿದೆ, ಕಾರಿನಲ್ಲೇ ಸುತ್ತಬಹುದು.

ದಾರಿಯಲ್ಲಿ ಪೆಟ್ರೋಲ್ ಬಂಕ್ ಇಲ್ಲ. ವೇಗದ ಮಿತಿ ಗಂಟೆಗೆ 45 ಮೈಲಿ. ಸ್ಟೀರಿಂಗ್ ಹಿಡಿಯುವ ಮಗನಿಗೋ ಅಳಿಯನಿಗೋ ಮೊದಲೇ ಹೇಳಿಡಿ.

– ಒಬ್ಬ ಓದುಗ, ಮಂಡ್ಯ