ದಸರಾ ರಜೆಯಲ್ಲಿ ಒಂದು ಬೆಳಗ್ಗೆ ನಮಗೆ ಕೊಡಿ

ಆತ್ಮೀಯ ಪೋಷಕರೇ,

ನಮಸ್ಕಾರ. ಅರ್ಧವಾರ್ಷಿಕ ಪರೀಕ್ಷೆ ಮುಗಿಯುತ್ತಾ ಬಂತು, ಇನ್ನು ದಸರಾ ರಜೆ. ಇದು ಶೇಂಗಾ ಕೀಳುವ ಸಮಯ, ಹೊಲದಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ ಎಂಬುದು ನನಗೆ ಗೊತ್ತು. ಆದರೂ ರಜೆಯಲ್ಲಿ ಒಂದು ಬೆಳಗ್ಗೆಯನ್ನು ನಮಗೆ ಕೊಡಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಪ್ರತಿ ವರ್ಷ ಅಕ್ಟೋಬರ್ 2ರಿಂದ 8ರವರೆಗೆ ದೇಶದಾದ್ಯಂತ ವನ್ಯಜೀವಿ ಸಪ್ತಾಹ ನಡೆಯುತ್ತದೆ. ಆ ವಾರದಲ್ಲಿ 8 ಮತ್ತು 9ನೇ ತರಗತಿಯ ಮಕ್ಕಳನ್ನು ನಮ್ಮ ಚಿತ್ರದುರ್ಗದ ಜೋಗಿಮಟ್ಟಿ ದಾರಿಯಲ್ಲಿರುವ ಆಡುಮಲ್ಲೇಶ್ವರ ಕಿರು ಮೃಗಾಲಯಕ್ಕೆ ಕರೆದುಕೊಂಡು ಹೋಗಬೇಕೆಂದಿದ್ದೇವೆ. ಪ್ರತಿ ಮಗುವಿನ ಜೊತೆ ಮನೆಯಿಂದ ಒಬ್ಬರು ದೊಡ್ಡವರು ಬರಬೇಕು. ಅಪ್ಪ, ಅಮ್ಮ, ಅಜ್ಜಿ, ಸೋದರಮಾವ, ಯಾರಾದರೂ ಸರಿ. "ಝೂ ತಾನೇ ಮೇಡಂ, ಮಕ್ಕಳು ಹತ್ತು ಸಲ ನೋಡಿದ್ದಾರೆ. ಅದಕ್ಕೆ ನಾವು ಕೂಲಿ ಬಿಟ್ಟು ಬರಬೇಕಾ?" ಎಂದು ಹೋದ ತಿಂಗಳ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಒಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಅವತ್ತು ಗಡಿಬಿಡಿಯಲ್ಲಿ ಏನೋ ಹೇಳಿಬಿಟ್ಟೆ. ಸರಿಯಾದ ಉತ್ತರವನ್ನು ಈಗ ಬರೆಯುತ್ತೇನೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಶಾಲಾ ಪ್ರವಾಸಕ್ಕೆಂದು ಬೇರೆ ಊರಿನ ಒಂದು ಮೃಗಾಲಯಕ್ಕೆ ಹೋಗಿದ್ದೆವು. ಮೊಸಳೆ ಕೊಳದ ದಂಡೆಯ ಮೇಲೆ ಒಂದು ಮೊಸಳೆ ಬಾಯಿ ತೆರೆದುಕೊಂಡು ಬಿಸಿಲಿಗೆ ಬಿದ್ದಿತ್ತು. ಎಷ್ಟು ಹೊತ್ತಾದರೂ ಅಲುಗಾಡಲಿಲ್ಲ. "ಇದು ಸಿಮೆಂಟಿಂದು ಕಣೋ" ಎಂದ ಒಬ್ಬ ಹುಡುಗ. ಇನ್ನೊಬ್ಬ ಕಲ್ಲು ಎಸೆದ. ಅದು ಕಣ್ಣಿನ ಪಕ್ಕಕ್ಕೆ ತಾಗಿತು. ಮೊಸಳೆಯ ಕಣ್ಣಿನ ಮೇಲೆ ತೆಳ್ಳನೆಯ ಪೊರೆಯಂಥದ್ದು ಒಮ್ಮೆ ಸರಿದು ಹಿಂದಕ್ಕೆ ಹೋಯಿತು, ಅಷ್ಟೇ. ಹುಡುಗರು ಚಪ್ಪಾಳೆ ತಟ್ಟಿದರು. ಪ್ರಾಣಿ ಪಾಲಕರೊಬ್ಬರು ಬಂದರು, ವಯಸ್ಸಾದವರು. ಬೈಯಲಿಲ್ಲ. ಉದ್ದನೆಯ ಕೋಲಿಗೆ ಕಟ್ಟಿದ ಬಲೆಯನ್ನು ನೀರಿಗೆ ಇಳಿಸಿ ಸಿಕ್ಕಿದ್ದನ್ನೆಲ್ಲ ಎತ್ತಿ ನಮ್ಮೆದುರಿನ ಕಟ್ಟೆಯ ಮೇಲೆ ಸುರಿದರು. ಕಲ್ಲು, ಚಿಲ್ಲರೆ ಕಾಸು, ಕುರುಕಲು ತಿಂಡಿಯ ಪೊಟ್ಟಣಗಳು, ಮಗುವಿನ ಒಂದು ಚಪ್ಪಲಿ. "ಇವು ಕೈಗೆ ಸಿಕ್ಕಿದ್ದು. ಅದರ ಹೊಟ್ಟೆಗೆ ಹೋಗಿರೋದನ್ನ ನಾನು ಹ್ಯಾಂಗೆ ತೆಗೀಲಿ?" ಎಂದರು.

ಮೊಸಳೆ ಬಾಯಿ ತೆರೆದು ಮಲಗುವುದು ಮೈಯ ಕಾವನ್ನು ಹದದಲ್ಲಿ ಇಟ್ಟುಕೊಳ್ಳಲಿಕ್ಕೆ. ಹಾಗೆ ಗಂಟೆಗಟ್ಟಲೆ ಸುಮ್ಮನೆ ಇರುವುದೇ ಅದರ ಬದುಕು. ಅದು ಅವತ್ತು ನನಗೆ ಗೊತ್ತಿರಲಿಲ್ಲ. ಆದರೆ ಕಲ್ಲು ಎಸೆಯಬಾರದು ಎಂಬುದು ಗೊತ್ತಿತ್ತು. ಮಕ್ಕಳ ಪಕ್ಕದಲ್ಲೇ ನಿಂತಿದ್ದೆ, ತಡೆಯಲಿಲ್ಲ. ಅದು ಅಲುಗಾಡಲಿ ಎಂದು ನಾನೂ ಕಾಯುತ್ತಿದ್ದೆ. ಎಸೆಯುವ ಮೊದಲು ಆ ಹುಡುಗ ಒಂದು ಕ್ಷಣ ನನ್ನ ಮುಖ ನೋಡಿದ್ದ. ಅದು ಇವತ್ತಿಗೂ ನೆನಪಿದೆ. ಮಕ್ಕಳು ಯಾವಾಗಲೂ ಮೊದಲು ದೊಡ್ಡವರ ಮುಖವನ್ನೇ ನೋಡುತ್ತಾರೆ. ನೀವು ಬರಬೇಕು ಎನ್ನುವುದಕ್ಕೆ ಮೊದಲ ಕಾರಣ ಇದು.

ಮೃಗಾಲಯ ಎಂದರೆ ರಾಜರ ಕಾಲದಲ್ಲಿ ನೋಡಿ ಸಂತೋಷಪಡುವ ಜಾಗವಾಗಿತ್ತು. ಮೈಸೂರಿನದು 1892ರಲ್ಲಿ ಹತ್ತನೇ ಚಾಮರಾಜ ಒಡೆಯರ್ ಕಾಲದಲ್ಲಿ ಶುರುವಾದಾಗ ಅದರ ಹೆಸರೇ ಅರಮನೆ ಮೃಗಾಲಯ. 1909ರಲ್ಲಿ ಅದಕ್ಕೆ ಚಾಮರಾಜೇಂದ್ರರ ಹೆಸರು ಬಂತು. ಈಗ ಅಲ್ಲಿ ಪಶ್ಚಿಮ ಘಟ್ಟದ ಸಿಂಗಳೀಕಗಳ ಸಂತತಿ ಉಳಿಸುವ ಕೆಲಸ ನಡೆಯುತ್ತದೆ. ಮಕ್ಕಳಿಗಾಗಿ ಯೂತ್ ಕ್ಲಬ್ ಇದೆ, ಬೇಸಿಗೆ ಶಿಬಿರ ಇದೆ. ಶಿಬಿರಕ್ಕೆ ಹೋದ ಮಕ್ಕಳು ಪ್ರಾಣಿಗಳ ಆಹಾರ, ಆರೈಕೆ, ಸ್ವಭಾವ ಎಲ್ಲವನ್ನೂ ಅಲ್ಲಿನವರಿಂದಲೇ ಕೇಳಿ ಕಲಿಯುತ್ತಾರೆ. ನಮ್ಮ ಆಡುಮಲ್ಲೇಶ್ವರವಾಗಲಿ, ದಾವಣಗೆರೆ ಹತ್ತಿರದ ಆನಗೋಡಿನ ಇಂದಿರಾ ಪ್ರಿಯದರ್ಶಿನಿ ಮೃಗಾಲಯವಾಗಲಿ ಮೈಸೂರಿನಷ್ಟು ದೊಡ್ಡವಲ್ಲ. ಆದರೆ ಎಲ್ಲವೂ ಒಂದೇ ಕರ್ನಾಟಕ ಮೃಗಾಲಯ ಪ್ರಾಧಿಕಾರದ ಅಡಿಯಲ್ಲಿವೆ, ಮಾಡಬೇಕಾದ ಕೆಲಸವೂ ಒಂದೇ. ದೂರದ ಮೈಸೂರಿಗೆ ವರ್ಷಕ್ಕೊಮ್ಮೆ ಬಸ್ಸು ಮಾಡಿಕೊಂಡು ಹೋಗುವುದಕ್ಕಿಂತ ಮನೆ ಬಾಗಿಲಲ್ಲೇ ಇರುವುದನ್ನು ನಮ್ಮದು ಎಂದುಕೊಳ್ಳುವುದು ಹೆಚ್ಚಿನದು ಎಂದು ನಾನು ನಂಬಿದ್ದೇನೆ.

ಸಪ್ತಾಹದಲ್ಲಿ ನಡೆಯುವ ಜಾಥಾ, ಚಿತ್ರಕಲಾ ಸ್ಪರ್ಧೆ, ರಸಪ್ರಶ್ನೆ ಇವೆಲ್ಲ ಮೃಗಾಲಯಕ್ಕೆ ಯಾಕೆ ಬೇಕು ಎಂದು ಕೆಲವರಿಗೆ ಅನಿಸಬಹುದು. ಲೆಕ್ಕ ಸರಳ. ಮೃಗಾಲಯಗಳ ಖರ್ಚಿನ ದೊಡ್ಡ ಪಾಲು ಬಾಗಿಲಲ್ಲಿ ಕೊಡುವ ಟಿಕೆಟ್ ಹಣದಿಂದಲೇ ಬರುತ್ತದೆ. ಜನ ಬಂದರೆ ಟಿಕೆಟ್, ಟಿಕೆಟ್ ಇದ್ದರೆ ಮಾಂಸ, ಹಸಿರು ಮೇವು, ಔಷಧ. 2020ರಲ್ಲಿ ಲಾಕ್‌ಡೌನ್ ಆಗಿ ಬಾಗಿಲು ಮುಚ್ಚಿದಾಗ ಚಿರತೆಯ ಹಸಿವು ಮುಚ್ಚಲಿಲ್ಲ. ಮರುವರ್ಷ ಎರಡನೇ ಅಲೆಯಲ್ಲಿ ಚಿತ್ರನಟರೊಬ್ಬರು ಪ್ರಾಣಿಗಳನ್ನು ದತ್ತು ಪಡೆಯಿರಿ ಎಂದು ಮನವಿ ಮಾಡಿದರು. ಸಾವಿರಾರು ಜನ ಮುಂದೆ ಬಂದರು. ತಮ್ಮ ದುಡಿಮೆಯೇ ನಿಂತುಹೋಗಿದ್ದ ಕಾಲದಲ್ಲಿ ಜನ ಹಕ್ಕಿಗೆ, ಜಿಂಕೆಗೆ ಎಂದು ದುಡ್ಡು ಕಳಿಸಿದರಲ್ಲ, ಅದನ್ನು ನೆನೆದರೆ ಈಗಲೂ ಮನಸ್ಸು ತುಂಬಿ ಬರುತ್ತದೆ.

ಇದೇ ವಿಷಯದಲ್ಲಿ ನನ್ನ ತಕರಾರೂ ಒಂದಿದೆ. ಒಂದು ಕಡೆ ಇಂಥದೇ ಕಾರ್ಯಕ್ರಮಕ್ಕೆ ಹೋಗಿದ್ದಾಗ ಜಿಂಕೆಗಳ ಆವರಣದ ಮಗ್ಗುಲಲ್ಲೇ ಸೌಂಡ್ ಬಾಕ್ಸ್ ಇಟ್ಟಿದ್ದರು. ಭಾಷಣ ನಡೆಯುತ್ತಿದ್ದ ಅಷ್ಟೂ ಹೊತ್ತು ಜಿಂಕೆಗಳು ಆಚೆ ಮೂಲೆಯ ಬೇಲಿಗೆ ಒತ್ತಿಕೊಂಡು, ಕಿವಿ ನಿಮಿರಿಸಿಕೊಂಡು ನಿಂತಿದ್ದವು. ಬೆದರಿದ ಜಿಂಕೆ ಬೇಲಿಗೆ ಬಡಿದುಕೊಂಡು ಸಾಯುವುದುಂಟು. ವನ್ಯಜೀವಿಗಳ ಹೆಸರಿನ ಹಬ್ಬದಲ್ಲಿ ವನ್ಯಜೀವಿಗೇ ನಡುಕ ಹುಟ್ಟಿದರೆ ಆ ಹಬ್ಬ ಯಾರಿಗಾಗಿ? ಅದಕ್ಕೇ ನಮ್ಮ ಮಕ್ಕಳ ಹಾಡು, ಘೋಷಣೆ, ನಾಟಕ ಎಲ್ಲವೂ ಶಾಲೆಯಲ್ಲೇ ಮುಗಿಯುತ್ತವೆ. ಮೃಗಾಲಯದ ಬಾಗಿಲು ದಾಟಿದ ಮೇಲೆ ಮೈಕ್ ಇಲ್ಲ, ಪೀಪಿ ಇಲ್ಲ, ಮೊಬೈಲ್ ಸೈಲೆಂಟ್.

ಒಳಗೆ ಮಕ್ಕಳು ಏನು ಮಾಡುತ್ತಾರೆ ಎಂದರೆ, ಕೂರುತ್ತಾರೆ. ಎಲ್ಲ ಪ್ರಾಣಿಗಳನ್ನೂ ಓಡಿ ಓಡಿ ನೋಡುವುದಿಲ್ಲ. ನಾಲ್ಕು ಮಕ್ಕಳ ಗುಂಪಿಗೆ ಒಂದೇ ಪ್ರಾಣಿ, ನಲವತ್ತು ನಿಮಿಷ. ಐದೈದು ನಿಮಿಷಕ್ಕೆ ಅದು ಏನು ಮಾಡುತ್ತಿದೆ ಎಂದು ಬರೆದುಕೊಳ್ಳಬೇಕು. ಮೇಯುತ್ತಿದೆಯೇ, ಮೆಲುಕು ಹಾಕುತ್ತಿದೆಯೇ, ಯಾವ ಕಡೆಗೆ ಮುಖ ಮಾಡಿ ಮಲಗಿದೆ, ಮನುಷ್ಯರ ಸದ್ದಾದಾಗ ಏನಾಗುತ್ತದೆ. ಇದನ್ನು ಹೋದ ತಿಂಗಳು ಶಾಲೆಯ ಹೊಂಗೆ ಮರದ ಅಳಿಲುಗಳ ಮೇಲೆ ಅಭ್ಯಾಸ ಮಾಡಿಸಿದೆವು. ತರಗತಿಯಲ್ಲಿ ಹತ್ತು ನಿಮಿಷ ಕೂರಲಾರದ ಹುಡುಗನೊಬ್ಬ ಅರ್ಧ ಗಂಟೆ ಅಲುಗಾಡದೆ ಕೂತು ಎರಡು ಪುಟ ಬರೆದಿದ್ದ. ಅಳಿಲು ಬಾಲ ಎತ್ತಿ ಚಿಂವ್ ಚಿಂವ್ ಅಂದ ಪ್ರತಿ ಸಲವೂ ಬೆಕ್ಕು ಎಲ್ಲಿತ್ತು ಎಂಬುದನ್ನೂ ಗುರುತು ಹಾಕಿದ್ದ.

ಇನ್ನು ಕರಡಿಯ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ನಿಮ್ಮಲ್ಲಿ ಅನೇಕರ ಹೊಲ ಗುಡ್ಡದ ಅಂಚಿನಲ್ಲೇ ಇದೆ. ಶೇಂಗಾ ಬಲಿತಾಗ ಕರಡಿ ಬರುತ್ತದೆ. ಗುಡ್ಡದ ಗುಡಿಗಳಿಗೆ ರಾತ್ರಿ ನುಗ್ಗಿ ದೀಪದ ಎಣ್ಣೆ ಕುಡಿದುಹೋದ ಕಥೆ ನಮ್ಮ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಕರಡಿಯಿಂದ ಗಾಯಗೊಂಡ ಮನೆಯವರೂ ನಮ್ಮ ಪೋಷಕರಲ್ಲಿ ಇದ್ದಾರೆ. ಅವರೆದುರು ನಿಂತು "ಕರಡಿಯನ್ನು ಪ್ರೀತಿಸಿ" ಎನ್ನುವ ಅಧಿಕಾರ ನನಗಿಲ್ಲ, ಹಾಗೆ ಹೇಳುವುದೂ ಇಲ್ಲ. ಆದರೆ ನಸುಕಿನಲ್ಲಿ ಪೊದೆಯಿಂದ ಎದ್ದು ಬಂದ ಕಪ್ಪು ಆಕಾರವಾಗಿ ಮಾತ್ರ ಕಂಡಿರುವ ಪ್ರಾಣಿಯನ್ನು, ನಡುವೆ ಕಂದಕ ಇರುವಾಗ, ಭಯವಿಲ್ಲದೆ ಒಮ್ಮೆ ಪೂರ್ತಿ ನೋಡಲು ಸಾಧ್ಯವಾಗುವುದು ಮೃಗಾಲಯದಲ್ಲಿ ಮಾತ್ರ.

ಅದರ ಉಗುರು ನೋಡಿ, ಬಾಗಿದ ಸಲಿಕೆಯಂತೆ ಉದ್ದಕ್ಕಿರುತ್ತದೆ. ಅದು ಇರುವುದು ಮುಖ್ಯವಾಗಿ ಹುತ್ತ ಅಗೆಯಲಿಕ್ಕೆ. ಬಾಯಿ ತೆರೆದಾಗ ಗಮನಿಸಿ, ಮೇಲ್ದವಡೆಯ ಮುಂದಿನ ಎರಡು ಹಲ್ಲು ಇರುವುದಿಲ್ಲ. ಆ ಸಂದಿಯಿಂದಲೇ ಗೆದ್ದಲನ್ನು ಸೊರ್ರನೆ ಎಳೆದುಕೊಳ್ಳುತ್ತದೆ. ಮಣ್ಣು ಒಳಗೆ ಹೋಗದಂತೆ ಮೂಗಿನ ಹೊಳ್ಳೆಯನ್ನು ಮುಚ್ಚಿಕೊಳ್ಳುತ್ತದೆ. ತಾಯಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ, ಅದಕ್ಕೇ ಮರಿ ಇರುವ ಕರಡಿ ಅಷ್ಟು ಉಗ್ರ. ಮುಖ್ಯವಾದ ಮಾತು: ಮೂಗು ಬಹಳ ಚುರುಕು, ಕಣ್ಣು ಮಂದ. ತಿನ್ನುವುದರಲ್ಲಿ ಮುಳುಗಿರುವಾಗ ನಾವು ಸದ್ದಿಲ್ಲದೆ ತೀರಾ ಹತ್ತಿರ ಹೋದರೆ ಅದಕ್ಕೂ ಗಾಬರಿ, ಗಾಬರಿಯಲ್ಲಿ ಮೇಲೆ ಬೀಳುತ್ತದೆ. ಹೊಲಕ್ಕೆ ಹೋಗುವಾಗ ಒಬ್ಬರೇ ಹೋಗಬೇಡಿ, ಜೋರಾಗಿ ಮಾತಾಡಿಕೊಂಡು ಹೋಗಿ, ಕತ್ತಲಿದ್ದರೆ ಟಾರ್ಚ್ ಇರಲಿ ಎಂದು ಅರಣ್ಯದವರು ಹೇಳುವುದು ಇದಕ್ಕೇ. ಇದನ್ನು ಪಾಠವಾಗಿ ಹೇಳಿದರೆ ಮಗು ಮರೆಯುತ್ತದೆ. ಕರಡಿ ಎದುರಿಗಿರುವಾಗ ಕೇಳಿದ್ದು ನೆನಪಿನಲ್ಲಿ ಉಳಿಯುತ್ತದೆ, ದೊಡ್ಡವರಿಗೂ ಅಷ್ಟೇ. ನೀವು ಬರಬೇಕು ಎನ್ನುವುದಕ್ಕೆ ಎರಡನೇ ಕಾರಣ ಇದು.

ಹುಲಿ ಸಿಂಹ ನೋಡಲು ಎಲ್ಲರಿಗೂ ಆಸೆ. ಆದರೆ ನಮ್ಮ ಬಯಲುಸೀಮೆಯ ಸಂಪತ್ತೇ ಬೇರೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿ ಎಂಬ ಸಣ್ಣ ಹುಲ್ಲೆಗಾಗಿಯೇ 2011ರಲ್ಲಿ ವನ್ಯಧಾಮ ಘೋಷಿಸಿದರು. ಗಂಡಿಗೆ ನಾಲ್ಕು ಕೊಂಬು, ಮುಂದಿನ ಜೋಡಿ ಹೆಬ್ಬೆರಳಿನಷ್ಟು ಗಿಡ್ಡ. ಪಕ್ಕದ ಜಿಲ್ಲೆಯಲ್ಲೇ ಇಂಥದ್ದೊಂದು ಇದೆ ಎಂದು 9ನೇ ತರಗತಿಯಲ್ಲಿ ಕೇಳಿದರೆ ಮೂರೇ ಕೈ ಎದ್ದವು. ಎರೆ ಬಯಲಿನ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ಸ್ಥಿತಿಯಂತೂ ಇನ್ನೂ ಕಷ್ಟ. ಕರ್ನಾಟಕದಲ್ಲಿ ಈಗ ಅದು ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮೊಟ್ಟೆ, ಅದೂ ಬರಿ ನೆಲದ ಮೇಲೆ. ರಾಜಸ್ಥಾನದ ಜೈಸಲ್ಮೇರ್ ಜಿಲ್ಲೆಯಲ್ಲಿ 2019ರಿಂದ ಆ ಮೊಟ್ಟೆಗಳನ್ನು ತಂದು ಯಂತ್ರದಲ್ಲಿ ಕಾವು ಕೊಟ್ಟು ಮರಿ ಮಾಡಿಸುತ್ತಿದ್ದಾರೆ. ಕಾಡಿನಲ್ಲಿ ಉಳಿಯಲಾರದ ಕಾಲ ಬಂದಾಗ ಮನುಷ್ಯರ ಆರೈಕೆಯಲ್ಲಾದರೂ ಬೀಜ ಉಳಿಯಲಿ ಎಂಬುದು ಇದರ ಹಿಂದಿನ ಯೋಚನೆ. ಮುಂಗಾರಿಗೆ ಬಿತ್ತನೆ ಶೇಂಗಾ ಎತ್ತಿಡುವ ನಿಮಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಸೂಕ್ಷ್ಮ ವಿಷಯ. ಜುಲೈನಲ್ಲಿ ಒಬ್ಬ ಹುಡುಗ ಊಟದ ಡಬ್ಬಿ ಇಡುವ ಚೀಲದಲ್ಲಿ ನಕ್ಷತ್ರ ಆಮೆಯನ್ನು ತಂದಿದ್ದ. ಹೊಲದ ಬದುವಿನಲ್ಲಿ ಸಿಕ್ಕಿತಂತೆ. ಮನೆಯಲ್ಲಿಟ್ಟರೆ ಅದೃಷ್ಟ ಎಂದು ಯಾರೋ ಹೇಳಿದ್ದರಂತೆ. ಮೇಜಿನ ಮೇಲಿಟ್ಟಾಗ ತಲೆ ಕಾಲು ಒಳಗೆಳೆದುಕೊಂಡು ಕಲ್ಲಿನಂತೆ ಕೂತಿತ್ತು. ಬೆನ್ನ ಮೇಲಿನ ಹಳದಿ ಗೆರೆಗಳಲ್ಲಿ ಇನ್ನೂ ಹೊಲದ ಕೆಮ್ಮಣ್ಣು. ಅರಣ್ಯ ಇಲಾಖೆಯವರನ್ನು ಕರೆಸಿ ಕೊಟ್ಟೆವು. ಹುಡುಗನನ್ನು ಅವರು ಗದರಲಿಲ್ಲ, ಬೆನ್ನು ತಟ್ಟಿದರು. ನಕ್ಷತ್ರ ಆಮೆಯನ್ನಾಗಲಿ, ನಮ್ಮ ಕಾಡಿನ ಹಸಿರು ಗಿಳಿಯನ್ನಾಗಲಿ ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ನಿಮ್ಮ ಮನೆಯಲ್ಲಿ ಪಂಜರದ ಗಿಳಿ ಇದ್ದರೆ ನನ್ನ ಹತ್ತಿರ ಬಂದು ಮಾತಾಡಿ. ನಿಮ್ಮ ಜೊತೆ ನಾನೇ ಅರಣ್ಯ ಕಚೇರಿಗೆ ಬರುತ್ತೇನೆ. ಮೃಗಾಲಯಕ್ಕೆ ಹೋಗಿ ಪ್ರಾಣಿದಯೆಯ ಚಿತ್ರ ಬರೆದು ಬಹುಮಾನ ತಂದ ಮಗು ಮನೆಗೆ ಬಂದು ನೋಡುವುದು ರೆಕ್ಕೆ ಕತ್ತರಿಸಿದ ಗಿಳಿಯನ್ನಾದರೆ, ಅದು ಯಾವುದನ್ನು ನಿಜ ಎಂದುಕೊಳ್ಳಬೇಕು?

ದತ್ತು ವಿಷಯ ಮಕ್ಕಳೇ ಎತ್ತಿದ್ದು. ದತ್ತು ಎಂದರೆ ಪ್ರಾಣಿಯನ್ನು ಮನೆಗೆ ತರುವುದಲ್ಲ, ಅದರ ಆಹಾರದ ಖರ್ಚನ್ನು ಇಷ್ಟು ದಿನಕ್ಕೆಂದು ವಹಿಸಿಕೊಳ್ಳುವುದು. ಆನೆ, ಹುಲಿಗೆ ಹೆಚ್ಚು ಹಣ ಬೇಕು. ಸಣ್ಣ ಹಕ್ಕಿಯಾದರೆ ನಮ್ಮ ಅಳವಿಗೆ ಸಿಗುತ್ತದೆ. ಶಾಲೆ ಯಾರಿಂದಲೂ ಹಣ ಕೇಳುವುದಿಲ್ಲ, ಇದನ್ನು ಸ್ಪಷ್ಟವಾಗಿ ಹೇಳುತ್ತಿದ್ದೇನೆ. 9ನೇ ತರಗತಿಯವರು ಮಣ್ಣಿನ ಹುಂಡಿ ಇಟ್ಟಿದ್ದಾರೆ. ಹುಟ್ಟುಹಬ್ಬಕ್ಕೆ ಚಾಕೊಲೇಟ್ ಹಂಚುವ ಬದಲು ಮನಸ್ಸಿದ್ದವರು ಅದರಲ್ಲಿ ಹಾಕುತ್ತಾರೆ. ಯಾರು ಎಷ್ಟು ಹಾಕಿದರು ಎಂದು ಬರೆದಿಡುವುದಿಲ್ಲ. ಹಾಕದ ಮಗುವನ್ನು ಯಾರೂ ಕೇಳುವಂತಿಲ್ಲ.

ಅಕ್ಟೋಬರ್ 4ರಂದು ಬೆಳಗ್ಗೆ 8.30ಕ್ಕೆ ಶಾಲೆಯಿಂದ ಹೊರಡುತ್ತೇವೆ, ಮಧ್ಯಾಹ್ನ 1 ಗಂಟೆಯೊಳಗೆ ವಾಪಸ್. ಬಸ್ಸು, ಟಿಕೆಟ್ ಎರಡನ್ನೂ ಎಸ್‌ಡಿಎಂಸಿ ನೋಡಿಕೊಳ್ಳುತ್ತದೆ. ತಿಂಡಿಯನ್ನು ಸ್ಟೀಲ್ ಡಬ್ಬಿಯಲ್ಲಿ ಕಟ್ಟಿಕೊಡಿ, ಅದನ್ನು ಮೃಗಾಲಯದಿಂದ ಹೊರಗೆ ಬಂದ ಮೇಲೆ ಆಡುಮಲ್ಲೇಶ್ವರ ಗುಡಿಯ ಹತ್ತಿರ ಕೂತು ತಿನ್ನೋಣ. ಪ್ಲಾಸ್ಟಿಕ್ ಪೊಟ್ಟಣ ಬೇಡ. ಕೋತಿಗಳಿಗೆಂದು ಬಾಳೆಹಣ್ಣು ತರಬೇಡಿ, ಕೋಟೆಯಲ್ಲಿ ನಾವು ಕೊಟ್ಟು ಕೊಟ್ಟು ಅವು ಮಕ್ಕಳ ಕೈಯಿಂದ ಕಿತ್ತುಕೊಳ್ಳುವಂತಾಗಿದೆ. ಕೆಂಪು, ಕೇಸರಿಯಂಥ ಕಣ್ಣು ಕುಕ್ಕುವ ಬಟ್ಟೆ ಬಿಟ್ಟು ಸಾದಾ ಬಣ್ಣದ್ದು ಹಾಕಿಸಿ. ಟೋಪಿ, ನೀರಿನ ಬಾಟಲಿ, ಒಂದು ಪೆನ್ಸಿಲ್ ಇರಲಿ. ಪೆನ್ನು ಬೇಡ.

ಇದರ ಜೊತೆಗಿರುವ ಒಪ್ಪಿಗೆ ಚೀಟಿಯಲ್ಲಿ ಮಗುವಿನ ಜೊತೆ ಯಾರು ಬರುತ್ತೀರಿ ಎಂದು ಬರೆದು ಶನಿವಾರದೊಳಗೆ ಕಳಿಸಿ. ಓದು ಬರಹ ಬಾರದ ಅಜ್ಜ ಅಜ್ಜಿ ಬರುವುದಾದರೆ ಸಂಕೋಚ ಬೇಡ. ಹಿಂದೆ ಈ ಗುಡ್ಡದಲ್ಲಿ ಏನೇನು ಓಡಾಡುತ್ತಿತ್ತು ಎಂದು ಮಕ್ಕಳಿಗೆ ಹೇಳಬಲ್ಲವರು ಅವರೇ. ಅವರು ಹೇಳಿದ್ದನ್ನು ಬರೆದುಕೊಳ್ಳಲು ಮಕ್ಕಳ ಪುಸ್ತಕದಲ್ಲಿ ಎರಡು ಪುಟ ಖಾಲಿ ಬಿಡಿಸಿದ್ದೇನೆ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ
ಸರ್ಕಾರಿ ಪ್ರೌಢಶಾಲೆ, ಚಿತ್ರದುರ್ಗ