ಜಲದ ನೆತ್ತಿಯ ಮೇಲೆ ಪ್ರವಾಸಿ ಕೇಂದ್ರ ಬೇಡ: ಜಾಗ, ನಕ್ಷೆ ಬದಲಿಸಲು ಗ್ರಾಮಸ್ಥರ ಮನವಿ

ಇವರಿಗೆ,
ಮಾನ್ಯ ಅಧ್ಯಕ್ಷರು ಹಾಗೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು,
ಗ್ರಾಮ ಪಂಚಾಯಿತಿ ಕಾರ್ಯಾಲಯ

ವಿಷಯ: ಮೇಲಿನ ಬ್ಯಾಣದಲ್ಲಿ (ಗುಡ್ಡದ ಇಳಿಜಾರಿನ ಹುಲ್ಲುಗಾವಲಿನಲ್ಲಿ) ಕಟ್ಟಲು ಹೊರಟಿರುವ "ಪ್ರಕೃತಿ ಪ್ರೇರಿತ ಸುಸ್ಥಿರ ಪ್ರವಾಸಿ ಕೇಂದ್ರ"ದ ಕುರಿತು.

ಉಲ್ಲೇಖ: ಇದೇ ವಿಷಯವಾಗಿ ನಾವು ಕೊಟ್ಟ ನಾಲ್ಕು ಮನವಿಗಳು ಮತ್ತು ಒಂದು ಮಾಹಿತಿ ಹಕ್ಕು ಅರ್ಜಿ.

ಮಾನ್ಯರೇ,

ಈ ವಿಷಯವಾಗಿ ನಾವು ಬರೆಯುತ್ತಿರುವುದು ಇದು ಐದನೇ ಸಲ. ಮೊದಲ ಮನವಿ ಕೊಟ್ಟು ಎರಡು ಮಳೆಗಾಲ ಕಳೆದವು. ಸೀಲು ಹಾಕಿದ ಸ್ವೀಕೃತಿ ನಮ್ಮ ಹತ್ತಿರ ಇದೆ, ಕಡತ ಮಾತ್ರ ನಿಮ್ಮ ಹತ್ತಿರ ಇಲ್ಲವಂತೆ. ಎರಡನೆಯದನ್ನು ಎಂಜಿನಿಯರರಿಗೆ ಕಳಿಸಿದ್ದೇವೆ ಎಂದಿರಿ. ಎಂಜಿನಿಯರರನ್ನು ಕೇಳಿದರೆ ಪಂಚಾಯಿತಿಗೇ ವಾಪಸು ಬಂದಿದೆ ಎಂದರು. ಮೂರನೆಯದಕ್ಕೆ ಸ್ಥಳ ತನಿಖೆ ಆಯಿತು. ಬಂದವರು ಜೀಪಿನಿಂದ ಇಳಿಯದೆ, ಗಾಜು ಇಳಿಸಿ ನೋಡಿ ಹೋದರು. ಗ್ರಾಮಸಭೆಯಲ್ಲಿ ಒಂದು ಗಂಟೆ ಚರ್ಚೆಯಾದ ವಿಷಯ ನಡಾವಳಿ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ನಕ್ಷೆಯ ಪ್ರತಿ ಕೇಳಿ ಹಾಕಿದ ಮಾಹಿತಿ ಹಕ್ಕು ಅರ್ಜಿಗೆ 30 ದಿನದೊಳಗೆ ಉತ್ತರ ಕೊಡಬೇಕೆಂಬುದು ಕಾನೂನು. ಗಡುವು ದಾಟಿದ ಮೇಲೆ "ಮಾಹಿತಿ ಲಭ್ಯವಿಲ್ಲ" ಎಂಬ ಹಿಂಬರಹ ಬಂತು. ಮರುತಿಂಗಳೇ ಅದೇ ನಕ್ಷೆ ಬಸ್ ನಿಲ್ದಾಣದಲ್ಲಿ ಫ್ಲೆಕ್ಸ್ ಆಗಿ ನಿಂತಿತು! ನಾವು ನಕ್ಷೆ ನೋಡಿದ್ದು ಹೀಗೆ, ದಾರಿಹೋಕರಂತೆ.

ಊರಿಗೆ ಪ್ರವಾಸಿ ಕೇಂದ್ರ ಬೇಡವೆಂದು ನಾವು ಯಾವತ್ತೂ ಹೇಳಿಲ್ಲ. ಅಬ್ಬಿ (ಜಲಪಾತ) ನೋಡಲು ಬಂದವರು ಕಾನಿನೊಳಗೆ ಬಾಟಲಿ ಎಸೆದು, ಹಳ್ಳದ ದಡದಲ್ಲೇ ಶೌಚಕ್ಕೆ ಕೂತು ಹೋಗುವುದನ್ನು ನಿಲ್ಲಿಸಲು ಅಂಥದೊಂದು ಕಟ್ಟಡ ಬೇಕೇಬೇಕು. ಆದರೆ ನೀವು ಆರಿಸಿದ ಜಾಗ ತಪ್ಪು, ನಕ್ಷೆ ಅದಕ್ಕಿಂತ ತಪ್ಪು. ಫ್ಲೆಕ್ಸಿನ ಚಿತ್ರದಲ್ಲಿ ನೀಲಿ ಆಕಾಶ, ಕತ್ತರಿಸಿದ ಹುಲ್ಲುಹಾಸು, ಗಾಜಿನ ಗೋಡೆ ಇವೆ. ಮಳೆ ಇಲ್ಲ. ಆಗುಂಬೆ ಸೀಮೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುತ್ತದೆಂದು ನಕ್ಷೆ ಬರೆದವರಿಗೆ ಯಾರೂ ಹೇಳಲಿಲ್ಲವೇ?

ಚಾವಣಿಯನ್ನೇ ನೋಡಿ. ಎಲೆಯ ಆಕಾರ ಎಂದು ಎರಡು ಕಡೆ ಎತ್ತರಿಸಿ ನಡುವೆ ತಗ್ಗು ಮಾಡಿದ ಕಾಂಕ್ರೀಟ್ ಸ್ಲ್ಯಾಬು. ಎಲೆ ನೀರನ್ನು ತುದಿಯಿಂದ ಕೆಳಗೆ ಬಿಡುತ್ತದೆ, ಈ ಚಾವಣಿ ಒಳಕ್ಕೆ ಎಳೆದುಕೊಳ್ಳುತ್ತದೆ. 4000 ಚದರಡಿ ಚಾವಣಿಯ ಮೇಲೆ ಗಂಟೆಗೆ 100 ಮಿಲಿಮೀಟರಿನ ರಭಸದಲ್ಲಿ ಮಳೆ ಹೊಡೆದರೆ 37,000 ಲೀಟರ್, ಅಂದರೆ ಸೆಕೆಂಡಿಗೆ 10 ಲೀಟರ್ ನೀರು. ಅದಕ್ಕೆ ತೋರಿಸಿರುವುದು ನಾಲ್ಕು ಇಂಚಿನ ಎರಡು ಪೈಪು. ಪಕ್ಕದ ಮರದ ನಾಲ್ಕು ಎಲೆ ಬಾಯಿಗೆ ಕೂತರೆ ತಗ್ಗಿನಲ್ಲಿ ಕೆರೆ ನಿಲ್ಲುತ್ತದೆ. ಮೊದಲು ಪಾಚಿ, ಆಮೇಲೆ ಸಣ್ಣ ಬಿರುಕು, ಆಮೇಲೆ ಕಬ್ಬಿಣಕ್ಕೆ ತುಕ್ಕು ಹಿಡಿದು ಕಾಂಕ್ರೀಟು ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಶಾಲೆಯ ಹೊಸ ಕೊಠಡಿಗೆ ಆದದ್ದು ಇದೇ. ಅಲ್ಲಿ ಮಕ್ಕಳು ಇವತ್ತಿಗೂ ಸೋರುವ ಮೂಲೆ ಬಿಟ್ಟು ಕೂರುತ್ತಾರೆ, ಅದರ ಮನವಿಯೂ ನಿಮ್ಮಲ್ಲೇ ಇದೆ.

1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುವಾದಾಗಿನಿಂದ ಈ ಸೀಮೆಯ ಮಳೆಗೆ ಹೊಂದಿ ಬಂದದ್ದು ಇಳಿಜಾರು ಹಂಚಿನ ಮಾಡು. ಅಡ್ಡ 12 ಅಡಿಗೆ ಎತ್ತರ 7 ಅಡಿಗಿಂತ ಕಡಿಮೆ ಇರಬಾರದು. ಕಡಿಮೆಯಾದರೆ ಗಾಳಿಮಳೆಯಲ್ಲಿ ನೀರು ಹಂಚಿನ ಸಂದಿಯಿಂದ ಹಿಂದಕ್ಕೆ ಏರುತ್ತದೆ. ಸೂರು ಗೋಡೆಯಿಂದ ನಾಲ್ಕೈದು ಅಡಿ ಮುಂದಕ್ಕೆ ಬರಲಿ. ಸೂರಿನ ಕೊನೆಯ ಎರಡು ಸಾಲು ಹಂಚನ್ನು ತಾಮ್ರದ ತಂತಿಯಿಂದ ರೀಪಿಗೆ (ಹಂಚು ಕೂರುವ ಮರದ ಪಟ್ಟಿಗೆ) ಕಟ್ಟಲಿ, ಗಾಳಿ ಮೊದಲು ಎಬ್ಬಿಸುವುದು ಅವನ್ನೇ. ಬೆಳಕಿಗೆ ಅಲ್ಲಲ್ಲಿ ಗಾಜಿನ ಹಂಚು ಸಾಕು. ಗಾಜಿನ ಗೋಡೆ ಖಂಡಿತ ಬೇಡ, ಅದರಲ್ಲಿ ಕಾಡಿನ ಪ್ರತಿಬಿಂಬ ಕಂಡು ಹಕ್ಕಿಗಳು ಡಿಕ್ಕಿ ಹೊಡೆದು ಸಾಯುತ್ತವೆ. ಗೋಡೆಗೆ ಜಂಬಿಟ್ಟಿಗೆ ಕಲ್ಲು (ಕೆಂಪು ಮುರಕಲ್ಲು) ಆಗಲಿ. ಆದರೆ ಕಡಿದ ಹಸಿ ಕಲ್ಲನ್ನೇ ಕಟ್ಟಬೇಡಿ, ಒಂದು ಬೇಸಿಗೆ ಬಿಸಿಲು ಗಾಳಿಗೆ ಬಿದ್ದರೆ ಅದು ಗಟ್ಟಿಯಾಗುತ್ತದೆ. ಜಂಬಿಟ್ಟಿಗೆ ನೀರು ಹೀರುತ್ತದೆ, ಹಾಗಾಗಿ ನೆಲದಿಂದ ಎರಡು ಅಡಿಯವರೆಗೆ ಕರಿಕಲ್ಲು ಬರಬೇಕು. ಜಗಲಿಗೆ ನುಣುಪಾದ ಟೈಲ್ಸ್ ಹಾಕಿದರೆ ಜುಲೈಯಲ್ಲಿ ಕಾಲು ಮುರಿಯುವುದು ಖಾತ್ರಿ. ಉಳಿಯಿಂದ ಒರಟು ಮಾಡಿದ ಕಲ್ಲು ಚಪ್ಪಡಿ ಹಾಸಿ.

ಇನ್ನು ಜಾಗ. ಬ್ಯಾಣದ ಇಳಿಜಾರನ್ನು 12 ಅಡಿ ಕಡಿದು ಸಮತಟ್ಟು ಮಾಡುತ್ತೀರಂತೆ. ಮೇಲಿನ ಮಣ್ಣಿಗೂ ಕೆಳಗಿನ ಜಂಬಿಟ್ಟಿಗೆಗೂ ನಡುವೆ ಜಲ ಹರಿಯುತ್ತದೆ. ಜುಲೈ ಕೊನೆಯ ಪುಷ್ಯ ಮಳೆ ಹೊತ್ತಿಗೆ ಅದು ಒಡೆದು ಕೆಳಕೇರಿಯ ಗದ್ದೆಗೆ, ಬಾವಿಗೆ ಇಳಿಯುತ್ತದೆ. ಜೆಸಿಬಿ ಆ ಪದರವನ್ನು ಕತ್ತರಿಸಿದರೆ ಮಳೆಗಾಲದಲ್ಲಿ ಧರೆ (ಕಡಿದ ಮಣ್ಣಿನ ಗೋಡೆ) ಕುಸಿಯುತ್ತದೆ, ಬೇಸಿಗೆಯಲ್ಲಿ ಬಾವಿ ಒಣಗುತ್ತದೆ. ಅದೇ ಬ್ಯಾಣದಲ್ಲಿ ಶೌಚಾಲಯದ ಇಂಗುಗುಂಡಿ ಬೇರೆ! ಗುಂಡಿಯ ತಳಕ್ಕೂ ಮಳೆಗಾಲದ ಜಲಮಟ್ಟಕ್ಕೂ ನಡುವೆ ಆರು ಅಡಿ ಒಣ ಮಣ್ಣು ಬೇಕು, ಅಲ್ಲಿ ಎರಡು ಅಡಿಯೂ ಸಿಗುವುದಿಲ್ಲ. ಹೊಲಸು ಇಂಗದೆ ಮೇಲೆದ್ದು ನಾವು ಕುಡಿಯುವ ಬಾವಿಗೆ ಬರುತ್ತದೆ. ಇದನ್ನು ಮೂರು ಮನವಿಗಳಲ್ಲಿ ಬಿಡಿಸಿ ಬಿಡಿಸಿ ಬರೆದಿದ್ದೇವೆ. ಓದುವಷ್ಟು ಪುರುಸೊತ್ತು ಯಾರಿಗೂ ಆಗಲಿಲ್ಲ.

ಬಸ್ ನಿಲ್ದಾಣದ ಹಿಂದಿನ ಹಳೆಯ ಮೈದಾನ ಖಾಲಿ ಬಿದ್ದಿದೆ. ಬಾವಿಗಳಿಗಿಂತ ತಗ್ಗಿನಲ್ಲಿದೆ, ಲಾರಿ ಹೋಗುತ್ತದೆ, ಒಂದು ಮರ ಕಡಿಯಬೇಕಿಲ್ಲ. ಕೇಂದ್ರ, ವಾಹನ ನಿಲುಗಡೆ, ಶೌಚಾಲಯ ಮೂರೂ ಅಲ್ಲಿ ಬರಲಿ. ಶೌಚಕ್ಕೆ ನೀರು ಸೋರದ ಮುಚ್ಚಿದ ತೊಟ್ಟಿ, ಅದರಿಂದ ಹೊರಬರುವ ನೀರು ಸೋಸಲು ನೆಲದಿಂದ ಎತ್ತರಿಸಿದ ಜಲ್ಲಿ ಪಾತಿಯಲ್ಲಿ ಜೊಂಡು, ಕಾಬಾಳೆ ಬೆಳೆಸಿದರೆ ಸಾಕು. ಬ್ಯಾಣದಲ್ಲಿ ಕಾಲುದಾರಿ ಮಾತ್ರ ಇರಲಿ, ಅದೂ ಗುಡ್ಡದ ಏರಿಳಿತ ಹಿಡಿದು. ಕವಲೇದುರ್ಗದ ಕೋಟೆಗೋಡೆ ಗುಡ್ಡವನ್ನು ಬಳಸಿ ಹೋದ ಬಗೆ ಒಮ್ಮೆ ನೋಡಿ ಬನ್ನಿ, ದೂರವೇನಿಲ್ಲ.

ಇನ್ನು ಕೇಂದ್ರದ ನೀರಿಗೆ ಬೋರ್‌ವೆಲ್ ಯಾಕೆ ಬೇಕು? ಅದೇ ಚಾವಣಿಯ ಮೇಲೆ ವರ್ಷಕ್ಕೆ ಬೀಳುವ ನೀರು ಸುಮಾರು 26 ಲಕ್ಷ ಲೀಟರ್. ಬೇಸಿಗೆಯ ನೂರು ದಿನ, ದಿನಕ್ಕೆ 500 ಜನ, ತಲೆಗೆ ಐದು ಲೀಟರ್ ಎಂದಿಟ್ಟರೂ ಎರಡೂವರೆ ಲಕ್ಷ ಲೀಟರಿನ ತೊಟ್ಟಿ ಸಾಕು. ರಾತ್ರಿ ಕಟ್ಟಡದ ಸುತ್ತ ಬಣ್ಣದ ದೀಪ ಬೇಡ. 2012ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿ ಸೇರಿದ ಆಗುಂಬೆ ಮೀಸಲು ಅರಣ್ಯದ ನೆರೆಯಲ್ಲಿದ್ದೇವೆ ಎಂಬುದು ಭಾಷಣಕ್ಕಷ್ಟೇ ನೆನಪಾದರೆ ಸಾಲದು. ಕಾಳಿಂಗ, ಸಿಂಗಳೀಕ ಇರುವ ಕಾಡು ಇದು.

ಇಷ್ಟೆಲ್ಲ ಹೊಸದು ಕಟ್ಟುವ ಮುನ್ನ, ಇರುವುದನ್ನು ನೋಡಿಕೊಳ್ಳಿ. ಅಬ್ಬಿ ರಸ್ತೆಯ ಮೋರಿ ಕಟ್ಟಿಕೊಂಡು ಮಳೆಯ ನೀರೆಲ್ಲ ಡಾಂಬರಿನ ಮೇಲೆ ಹರಿಯುತ್ತಿದೆ. ಕಸದ ಗಾಡಿ ಸಂತೆಯ ದಿನ ಬಿಟ್ಟರೆ ಬರುವುದಿಲ್ಲ, ಕಸವನ್ನು ಸೇತುವೆ ಬುಡದಲ್ಲಿ ಸುಡುತ್ತಾರೆ. ಕೆಳಕೇರಿಯ ಬೀದಿದೀಪದ ವಿಷಯ ಬರೆದು ಬರೆದು ಕೈ ಸೋತಿದೆ.

ಆದ್ದರಿಂದ ಬ್ಯಾಣದಲ್ಲಿ ಜೆಸಿಬಿ ಕೆಲಸ ಕೂಡಲೇ ನಿಲ್ಲಿಸಬೇಕು. ನಕ್ಷೆ, ಅಂದಾಜು ಪಟ್ಟಿಯ ಪ್ರತಿಯನ್ನು ಪಂಚಾಯಿತಿ ಫಲಕದಲ್ಲಿ ಹಾಕಬೇಕು. 15 ದಿನದೊಳಗೆ ವಿಶೇಷ ಗ್ರಾಮಸಭೆ ಕರೆದು, ನಕ್ಷೆ ಬರೆದವರನ್ನೂ ಕರೆಸಿ, ಮೈದಾನದ ಜಾಗವನ್ನು ನಮ್ಮೆದುರೇ ಅಳೆಸಬೇಕು. ಈ ಸಲ ನಡಾವಳಿಯನ್ನು ಸಭೆಯಲ್ಲೇ ಓದಿ ಹೇಳಿ ಸಹಿ ಹಾಕಬೇಕು. ಹಿಂಬರಹ ಲಿಖಿತದಲ್ಲಿ ಬೇಕು, ಬಾಯಿಮಾತು ಬೇಡ. ಇಲ್ಲವಾದರೆ ಇದೇ ಸಹಿಗಳೊಂದಿಗೆ ಜಿಲ್ಲಾಧಿಕಾರಿಗಳ ಕಚೇರಿಯ ಮುಂದೆ ಕೂರುತ್ತೇವೆ.

ಇಂತಿ,
ಕೆಳಕೇರಿ, ಮೇಲಿನಕೇರಿಯ ಗ್ರಾಮಸ್ಥರು
(ಸಹಿ ಮತ್ತು ಹೆಬ್ಬೆಟ್ಟಿನ ಹಾಳೆಗಳು, ಹಿಂದಿನ ನಾಲ್ಕು ಸ್ವೀಕೃತಿಗಳ ಜೆರಾಕ್ಸ್ ಲಗತ್ತಿಸಿದೆ)